ನಿರ್ಯಾಪಕರು ಮತ್ತು ದಾದಿಯರು: ಅಂತ್ಯಕಾಲದ ವೈಯಾವೃತ್ಯ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಅಂತರಂಗ ತಪಸ್ಸನ್ನು ಆರು ಬಗೆಯಾಗಿ ಹೇಳುತ್ತದೆ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ ಮತ್ತು ಧ್ಯಾನ ಎಂಬುದು ಅವುಗಳ ಕ್ರಮ. ಸೇವೆಯೆಂಬ ಅರ್ಥವುಳ್ಳ ವೈಯಾವೃತ್ಯವು ಶಾಸ್ತ್ರಾಧ್ಯಯನಕ್ಕೂ ಧ್ಯಾನಕ್ಕೂ ಮೊದಲೇ ಬಂದಿರುವುದು ಗಮನಾರ್ಹ. ಅದೇ ಅಧ್ಯಾಯದಲ್ಲಿ ಮುಂದೆ ಈ ಸೇವೆಗೆ ಪಾತ್ರರಾದವರ ಹತ್ತು ವರ್ಗಗಳನ್ನು ಎಣಿಸುವಾಗ ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಸಾಲಿನಲ್ಲಿಯೇ ಗ್ಲಾನ ಎಂಬ ಹೆಸರೂ ಬರುತ್ತದೆ. ಗ್ಲಾನನೆಂದರೆ ರೋಗದಿಂದ ಬಳಲಿದವನು.

ಸೂತ್ರವು ಮುನಿಸಂಘವನ್ನು ಕುರಿತದ್ದು, ಗೃಹಸ್ಥರಿಗೆ ಅದು ಅನ್ವಯಿಸದು ಎಂದು ಯಾರಾದರೂ ಹೇಳಬಹುದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕನೆಯ ಶಿಕ್ಷಾವ್ರತಕ್ಕೆ ವೈಯಾವೃತ್ಯವೆಂದೇ ಹೆಸರಿಟ್ಟರು. ಆಹಾರ ಮತ್ತು ಔಷಧ ದಾನವನ್ನು ಮಾತ್ರವಲ್ಲದೆ, ಸಂಯಮಿಗಳ ಕಷ್ಟನಿವಾರಣೆ ಮಾಡುವುದನ್ನೂ ಕಾಲೊತ್ತುವುದನ್ನೂ ಅದರೊಳಗೆ ಸೇರಿಸಿದರು. ಹಾಗಾದರೆ ರೋಗಿಯ ಶುಶ್ರೂಷೆಯು ಕೇವಲ ಒಳ್ಳೆಯತನವಲ್ಲ. ಮುನಿಗೆ ಅದು ತಪಸ್ಸು, ಶ್ರಾವಕನಿಗೆ ವ್ರತ.

ಈ ಸೇವೆಯ ಅತ್ಯಂತ ಕಠಿಣವಾದ ರೂಪವು ಗುಣವಾಗುವ ಭರವಸೆಯಿಲ್ಲದ ರೋಗಿಯ ಬಳಿ ಕೊನೆಯವರೆಗೆ ಇರುವುದು. ಈ ಕೆಲಸವು ಒಂದು ಕಾಲದಲ್ಲಿ ಜೈನ ಸಂಘದಲ್ಲಿ ಎಷ್ಟು ಸೂಕ್ಷ್ಮವಾಗಿ ವ್ಯವಸ್ಥಿತವಾಗಿತ್ತು, ಇಂದು ಬೆಂಗಳೂರಿನ ಹೊರವಲಯದಲ್ಲಿ ಅದನ್ನು ಯಾರು ಮಾಡುತ್ತಿದ್ದಾರೆ, ಇವೆರಡರ ನಡುವಣ ಸಂಬಂಧವೇನು ಎಂಬುದು ವಿಚಾರಾರ್ಹವಾದ ವಿಷಯ.

ನಲವತ್ತೆಂಟು ಜನರ ವ್ಯವಸ್ಥೆ

ಸಲ್ಲೇಖನ ವ್ರತವನ್ನು ಕೈಗೊಂಡ ಸಾಧಕನಿಗೆ ಶಾಸ್ತ್ರದಲ್ಲಿ ಕ್ಷಪಕನೆಂದು ಹೆಸರು. ಅವನ ಬಳಿಯಿದ್ದು ಕೊನೆಯವರೆಗೆ ನೋಡಿಕೊಳ್ಳುವವರು ನಿರ್ಯಾಪಕರು. ಶಿವಾರ್ಯರು ಪ್ರಾಕೃತದಲ್ಲಿ ರಚಿಸಿದ ಭಗವತೀ ಆರಾಧನೆಯು ನಿರ್ಯಾಪಕರ ಸಂಖ್ಯೆಯನ್ನು 48 ಎಂದು ಹೇಳಿ, ನಾಲ್ಕು ನಾಲ್ಕು ಜನರಂತೆ ಕೆಲಸವನ್ನು ಹಂಚುತ್ತದೆ. ಕ್ಷಪಕನನ್ನು ಎಬ್ಬಿಸಿ ಕೂರಿಸುವುದಕ್ಕೆ, ಮಗ್ಗುಲು ತಿರುಗಿಸುವುದಕ್ಕೆ, ಮೈಕೈ ಮುಟ್ಟಿ ಉಪಚರಿಸುವುದಕ್ಕೆ ನಾಲ್ವರು. ಧರ್ಮಕಥೆ ಹೇಳುವುದಕ್ಕೆ ನಾಲ್ವರು. ಆಹಾರಕ್ಕೆ ನಾಲ್ವರು, ಪಾನಕ್ಕೆ ನಾಲ್ವರು, ತಂದದ್ದನ್ನು ಕಾಯುವುದಕ್ಕೆ ನಾಲ್ವರು. ಮಲಮೂತ್ರಗಳನ್ನು ತೆಗೆದು ಶುಚಿ ಮಾಡುವುದಕ್ಕೆ ನಾಲ್ವರು. ರಾತ್ರಿಯೆಲ್ಲ ಎಚ್ಚರವಿರುವುದಕ್ಕೆ ನಾಲ್ವರು. ಬಾಗಿಲಲ್ಲಿ ನಿಂತು, ಕ್ಷಪಕನ ಮನಸ್ಸನ್ನು ಕದಡುವಂಥವರು ಒಳಗೆ ಬಾರದಂತೆ ನೋಡಿಕೊಳ್ಳುವುದಕ್ಕೆ ನಾಲ್ವರು. ಉಳಿದವರಿಗೆ ನಾಡಿನ ಪರಿಸ್ಥಿತಿಯನ್ನು ಅರಿತಿರುವುದು, ನೆರೆದವರಿಗೆ ಉಪದೇಶ ಮಾಡುವುದು ಮೊದಲಾದ ಹೊಣೆಗಳು.

ಈ ಪಟ್ಟಿಯಲ್ಲಿ ಮಲಮೂತ್ರ ತೆಗೆಯುವವರಿಗೂ ಧರ್ಮಕಥೆ ಹೇಳುವವರಿಗೂ ಒಂದೇ ಹೆಸರು. ಇಬ್ಬರೂ ನಿರ್ಯಾಪಕರೇ. ಮೇಲು ಕೆಲಸ, ಕೀಳು ಕೆಲಸವೆಂಬ ಭೇದವಿಲ್ಲ.

ಇನ್ನೊಂದು ನಿಯಮವೂ ಅಷ್ಟೇ ಮುಖ್ಯವಾದುದು. ಕಾಲ ಒದಗದಿದ್ದಾಗ 48 ಜನರನ್ನು ಕಡಿಮೆ ಮಾಡುತ್ತ ಬರಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಬಾರದು. ಒಬ್ಬನೇ ನಿರ್ಯಾಪಕನಿದ್ದರೆ ಅವನು ತನ್ನ ಆಹಾರ, ನಿದ್ರೆ, ನಿತ್ಯಕರ್ಮಗಳಿಗಾಗಿ ಕ್ಷಪಕನನ್ನು ಬಿಟ್ಟುಹೋಗಬೇಕಾಗುತ್ತದೆ. ಬಿಡದಿದ್ದರೆ ತಾನೇ ಕುಸಿಯುತ್ತಾನೆ. ಎರಡರಿಂದಲೂ ಹಾನಿಯೇ. ಸಾಯುವವನ ಬಳಿ ಒಬ್ಬರನ್ನೇ ನಿಲ್ಲಿಸಬಾರದೆಂಬ ಈ ವಿವೇಕವು ಇಂದಿನ ಆಸ್ಪತ್ರೆಗಳ ಪಾಳಿ ಪದ್ಧತಿಗಿಂತ ಬಹಳ ಹಿಂದಿನದು.

ಈ ಗ್ರಂಥಕ್ಕೂ ಕನ್ನಡಕ್ಕೂ ನಿಕಟವಾದ ಬಾಂಧವ್ಯವುಂಟು. ಕ್ಷಪಕನು ವೇದನೆಯಿಂದ ತಲ್ಲಣಿಸಿದಾಗ ಅವನಿಗೆ ಧೈರ್ಯದ ಕವಚವನ್ನು ತೊಡಿಸುವ ಸಲುವಾಗಿ, ಹಿಂದಿನ ಮಹಾಪುರುಷರು ಉಪಸರ್ಗಗಳನ್ನು ಸಹಿಸಿದ ಪ್ರಸಂಗಗಳನ್ನು ಭಗವತೀ ಆರಾಧನೆಯ ಗಾಹೆಗಳು ಸೂಚಿಸುತ್ತವೆ. ಆ ಗಾಹೆಗಳನ್ನು ಆಧರಿಸಿ ಬೆಳೆದ 19 ಕಥೆಗಳ ಸಂಗ್ರಹವೇ ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ವಡ್ಡಾರಾಧನೆ. ಕನ್ನಡದ ಅತಿ ಪ್ರಾಚೀನ ಗದ್ಯಕೃತಿಗಳಲ್ಲಿ ಅಗ್ರಸ್ಥಾನದಲ್ಲಿರುವ ಈ ಗ್ರಂಥದ ಮೂಲವು ಮರಣಶಯ್ಯೆಯ ಬಳಿ ಆಡಬೇಕಾದ ಸಾಂತ್ವನದ ಮಾತಿನಲ್ಲಿದೆ ಎಂಬುದನ್ನು ಸಾಹಿತ್ಯಾಭ್ಯಾಸಿಗಳಲ್ಲಿಯೂ ಎಲ್ಲರೂ ನೆನೆಯುವುದಿಲ್ಲ.

ಶಿಲೆ ಹೇಳುವುದು, ಹೇಳದೆ ಬಿಡುವುದು

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಆರು-ಏಳನೆಯ ಶತಮಾನಗಳಿಂದ ಸಮಾಧಿಮರಣದ ಶಾಸನಗಳು ದೊರೆಯುತ್ತವೆ. 1889ರಲ್ಲಿ ಬಿ. ಎಲ್. ರೈಸ್ ಅವರೂ 1923ರ ಪರಿಷ್ಕೃತ ಆವೃತ್ತಿಯಲ್ಲಿ ಆರ್. ನರಸಿಂಹಾಚಾರ್ಯರೂ ಇವನ್ನು ಪ್ರಕಟಿಸಿದರು. ಮುಂದೆ ಷ. ಶೆಟ್ಟರ್ ಅವರು ಜೈನರ ಮರಣವಿಧಿಗಳನ್ನು ಕುರಿತು ವಿಸ್ತಾರವಾಗಿ ಬರೆದರು. ಗಂಗರ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನ ವ್ರತದಲ್ಲಿದ್ದು ದೇಹ ಬಿಟ್ಟದ್ದು, ರಾಷ್ಟ್ರಕೂಟರ ನಾಲ್ಕನೆಯ ಇಂದ್ರನು 982ರಲ್ಲಿ ಬೆಳಗೊಳದಲ್ಲಿ ಮುಡಿಪಿದ್ದು ಇತಿಹಾಸಪ್ರಸಿದ್ಧ. ಹೊಯ್ಸಳ ರಾಣಿ ಶಾಂತಲೆಯು 1131ರಲ್ಲಿ, ಇಂದಿನ ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ಶಿವಗಂಗೆಯಲ್ಲಿ, ತೀರಿಕೊಂಡಳು. ಬಳಿಕ ಅವಳ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಒಂದು ತಿಂಗಳ ಸನ್ಯಸನದಿಂದ ಸಮಾಧಿಯನ್ನು ಪಡೆದಳೆಂದು ಶಾಸನವು ತಿಳಿಸುತ್ತದೆ.

ನಿಷಿಧಿಗಲ್ಲುಗಳಲ್ಲಿ ಮುಡಿಪಿದವರ ಹೆಸರುಂಟು, ಗುರುಗಳ ಹೆಸರುಂಟು, ಕಲ್ಲು ನಿಲ್ಲಿಸಿದವರ ಹೆಸರುಂಟು. ಆದರೆ ಆ ಒಂದು ತಿಂಗಳು ಮಾಚಿಕಬ್ಬೆಯ ತುಟಿಗೆ ನೀರು ಮುಟ್ಟಿಸಿದವರು ಯಾರು, ಮಗ್ಗುಲು ತಿರುಗಿಸಿದವರು ಯಾರು, ಮೂರನೆಯ ಜಾವದಲ್ಲಿ ಎಚ್ಚರವಿದ್ದವರು ಯಾರು ಎಂಬುದನ್ನು ಶಿಲೆ ಹೇಳುವುದಿಲ್ಲ. ಶಾಸ್ತ್ರವು ಎಣಿಸಿ ಹೆಸರಿಟ್ಟ ನಿರ್ಯಾಪಕನನ್ನು ಶಾಸನವು ಸಾಮಾನ್ಯವಾಗಿ ಬಿಟ್ಟುಬಿಟ್ಟಿತು. ಮರಣವನ್ನು ಗೆದ್ದವರನ್ನು ಪೂಜಿಸಿದ ಸಮಾಜವು ಅವರಿಗೆ ಆಸರೆಯಾದವರನ್ನು ಕ್ರಮೇಣ ಮರೆಯಿತು. ಗೃಹಸ್ಥರ ಮನೆಗಳಲ್ಲಿ ಈ ಕೆಲಸವು ಹೆಂಗಸರ ಪಾಲಿಗೆ ಬಂದಿತು. ಇಬ್ಬರಿಗಿಂತ ಕಡಿಮೆಯಾಗಬಾರದೆಂಬ ನಿಯಮವಿದ್ದ ಪರಂಪರೆಯಲ್ಲಿ, ವರ್ಷಗಟ್ಟಲೆ ಹಾಸಿಗೆ ಹಿಡಿದ ಅತ್ತೆ-ಮಾವಂದಿರ ಸಕಲ ಶುಶ್ರೂಷೆಯನ್ನೂ ಒಬ್ಬಳೇ ಸೊಸೆ ಮಾಡಿದ ಮನೆಗಳು ಎಷ್ಟೋ.

ಜುಗುಪ್ಸೆ ಎಂಬ ಗೋಡೆ

ಆಧುನಿಕ ಶುಶ್ರೂಷಾ ವೃತ್ತಿಯು ಈ ನಾಡಿಗೆ ಬಹುಮಟ್ಟಿಗೆ ಕ್ರೈಸ್ತ ಸಂಸ್ಥೆಗಳ ಮೂಲಕ ಬಂದಿತು. ಫ್ಲಾರೆನ್ಸ್ ನೈಟಿಂಗೇಲ್ ಅವರು ಲಂಡನ್ನಿನಲ್ಲಿ ದಾದಿಯರ ಶಾಲೆಯನ್ನು ತೆರೆದದ್ದು 1860ರಲ್ಲಿ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಆರಂಭಿಸಿದ್ದು 1886ರಲ್ಲಿ. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿಯೇ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು. ಆದರೂ ಪರರ ಮಲಮೂತ್ರ, ಕೀವು, ರಕ್ತಗಳನ್ನು ಮುಟ್ಟುವ ಕೆಲಸವೆಂಬ ಕಾರಣಕ್ಕೆ ಶುಚಿಯ ಭಾವನೆ ಬಲವಾಗಿದ್ದ ಕುಟುಂಬಗಳು ತಮ್ಮ ಹೆಣ್ಣುಮಕ್ಕಳನ್ನು ಈ ವೃತ್ತಿಗೆ ಕಳುಹಿಸಲಿಲ್ಲ. ಜೈನ ಕುಟುಂಬಗಳೂ ಇದಕ್ಕೆ ಹೊರತಾಗಲಿಲ್ಲ. ಮಗಳು ವೈದ್ಯೆಯಾಗಲಿ ಎಂದು ಬಯಸುವ ಮನೆಯಲ್ಲಿ ದಾದಿಯಾಗಲಿ ಎಂಬ ಮಾತು ಇಂದಿಗೂ ಅಪರೂಪ.

ಈ ಹಿಂಜರಿಕೆಗೆ ಧರ್ಮದ ಆಧಾರವಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಎಂದರೆ ಸ್ವಭಾವತಃ ಅಶುಚಿಯಾದ ಶರೀರವನ್ನು ಕಂಡು ಜುಗುಪ್ಸೆಪಡದಿರುವುದು. ಇದಕ್ಕೆ ಪರಂಪರೆಯು ಕೊಡುವ ದೃಷ್ಟಾಂತ ಉದ್ದಾಯನ ಮಹಾರಾಜನದು. ರೋಗದಿಂದ ಕೊಳೆತ ಮೈಯುಳ್ಳ ಮುನಿಯ ವೇಷದಲ್ಲಿ ದೇವನೊಬ್ಬನು ಅವನನ್ನು ಪರೀಕ್ಷಿಸಲು ಬಂದನು. ಬಡಿಸಿದ ಆಹಾರವನ್ನು ಅರಮನೆಯಲ್ಲಿಯೇ ವಾಂತಿ ಮಾಡಿದನು. ದುರ್ಗಂಧಕ್ಕೆ ಪರಿವಾರದವರು ಓಡಿಹೋದರೂ ರಾಜನೂ ರಾಣಿ ಪ್ರಭಾವತಿಯೂ ಕದಲಲಿಲ್ಲ. ತಾವು ಕೊಟ್ಟ ಆಹಾರದಲ್ಲಿಯೇ ದೋಷವಿರಬೇಕೆಂದು ನೊಂದುಕೊಂಡು, ಆ ಮೈಯನ್ನು ತಮ್ಮ ಕೈಯಿಂದಲೇ ತೊಳೆದರು. ಪ್ರವಚನಗಳಲ್ಲಿ ಈ ಕಥೆಯನ್ನು ಕೇಳಿ ತಲೆದೂಗುವವರು ಅದರಲ್ಲಿರುವುದು ಒಬ್ಬ ದಾದಿಯ ದಿನನಿತ್ಯದ ಕೆಲಸವೆಂಬುದನ್ನು ಗುರುತಿಸಬೇಕು.

ಗುಣವಾಗದ ರೋಗಿಗಳಿಗಾಗಿಯೇ ಇರುವ ಆಶ್ರಯಧಾಮಕ್ಕೆ ಆಧುನಿಕ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಯುದ್ಧಕಾಲದಲ್ಲಿ ದಾದಿಯಾಗಿ ತರಬೇತಿ ಪಡೆದ ಅವರು ಬೆನ್ನುನೋವಿನ ಕಾರಣ ಆ ಕೆಲಸವನ್ನು ಬಿಟ್ಟು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು. ನಂತರ ವೈದ್ಯಶಾಸ್ತ್ರವನ್ನು ಓದಿ 1957ರಲ್ಲಿ ವೈದ್ಯೆಯಾದರು. 1948ರಲ್ಲಿ ಅವರ ಆರೈಕೆಯಲ್ಲಿದ್ದು ತೀರಿಕೊಂಡ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ನಿರಾಶ್ರಿತನು ಬಿಟ್ಟುಹೋದ 500 ಪೌಂಡುಗಳೇ ಅವರ ಸಂಕಲ್ಪಕ್ಕೆ ಮೊದಲ ಬಂಡವಾಳ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಆರಂಭವಾಯಿತು. ಸಾಯುವವನ ನೋವು ಕೇವಲ ದೇಹದ್ದಲ್ಲ, ಅದರಲ್ಲಿ ಮನಸ್ಸಿನ, ಕುಟುಂಬದ, ಆತ್ಮದ ನೋವೂ ಕೂಡಿದೆ ಎಂಬುದು ಅವರ ಮುಖ್ಯ ಪ್ರತಿಪಾದನೆ. ಭಾರತದಲ್ಲಿ ಇಂತಹ ಮೊದಲ ಧಾಮವಾದ ಶಾಂತಿ ಅವೇದನಾ 1986ರಲ್ಲಿ ಮುಂಬಯಿಯಲ್ಲಿ ತೆರೆಯಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ನೋವು ಮತ್ತು ಉಪಶಾಮಕ ಚಿಕಿತ್ಸೆಯ ಕೇಂದ್ರವು ಪ್ರಾರಂಭವಾಯಿತು.

ಕುಂದಲಹಳ್ಳಿಯ ಕರುಣಾಶ್ರಯ

ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ವಸತಿಯಾಗಿ ಹುಟ್ಟಿದ ಊರು. ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ನೀಡಿದ ಭೂಮಿಯಲ್ಲಿ ಅದು ನೆಲೆಗೊಂಡಿತು. ನೂರು ವರ್ಷ ಅದು ತೋಟ, ಕೆರೆ, ಹೊಲಗಳ ನಡುವಣ ಸಣ್ಣ ಊರಾಗಿಯೇ ಉಳಿಯಿತು. 1994ರಲ್ಲಿ ಭಾರತ ಮತ್ತು ಸಿಂಗಪುರದ ಸಹಭಾಗಿತ್ವದಲ್ಲಿ ಅಲ್ಲಿ ಅಂತರರಾಷ್ಟ್ರೀಯ ಟೆಕ್ ಪಾರ್ಕಿನ ಯೋಜನೆ ರೂಪುಗೊಂಡ ಮೇಲೆ ಆ ಪ್ರದೇಶದ ಮುಖವೇ ಬದಲಾಯಿತು.

ಅದೇ 1994ರಲ್ಲಿ ಇನ್ನೊಂದು ಸಂಸ್ಥೆಯೂ ಹುಟ್ಟಿತು. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಸಂಸ್ಥೆ ಒಟ್ಟುಗೂಡಿ ಬೆಂಗಳೂರು ಹಾಸ್ಪಿಸ್ ಟ್ರಸ್ಟನ್ನು ಸ್ಥಾಪಿಸಿದವು. ಇದರ ಮುಂದಾಳುಗಳಲ್ಲಿ ಪ್ರಮುಖರು ಕಿಶೋರ್ ರಾವ್. ಕಟ್ಟಡಕ್ಕೆ ಕಾಯದೆ 1995ರಲ್ಲಿಯೇ ಟ್ರಸ್ಟು ರೋಗಿಗಳ ಮನೆಗಳಿಗೆ ಹೋಗಿ ಆರೈಕೆ ಮಾಡುವ ಕೆಲಸವನ್ನು ಆರಂಭಿಸಿತು. ಮಾರತಹಳ್ಳಿಯಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ, ಕುಂದಲಹಳ್ಳಿಯ ಬಳಿ, ರಾಜ್ಯ ಸರಕಾರವು ಗುತ್ತಿಗೆಗೆ ನೀಡಿದ ಸುಮಾರು ಐದು ಎಕರೆ ನೆಲದಲ್ಲಿ ಕರುಣಾಶ್ರಯದ ಕಟ್ಟಡವು ಎದ್ದು, 1999ರ ಮೇ ತಿಂಗಳಲ್ಲಿ ಸುಮಾರು 50 ಹಾಸಿಗೆಗಳೊಡನೆ ತೆರೆಯಿತು. ಮುಂದಿನ ವರ್ಷಗಳಲ್ಲಿ ಹಾಸಿಗೆಗಳ ಸಂಖ್ಯೆ ಇನ್ನಷ್ಟು ಹೆಚ್ಚಿತು. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರು ಕಲ್ಲು, ನೀರು, ಗಿಡಮರಗಳನ್ನು ಕೂಡಿಸಿ ರೂಪಿಸಿದ ಈ ಕಟ್ಟಡವು ಆಸ್ಪತ್ರೆಯೆಂಬ ಭಯವನ್ನು ಹುಟ್ಟಿಸದು. ರೋಗ ಮುಂದುವರಿದು, ಗುಣಪಡಿಸುವ ಚಿಕಿತ್ಸೆಗೆ ಮೀರಿದ ಕ್ಯಾನ್ಸರ್ ರೋಗಿಗಳಿಗೆ ಇಲ್ಲಿ ಜಾತಿಮತಗಳ ಭೇದವಿಲ್ಲದೆ ಪ್ರವೇಶ. ಆರೈಕೆ ಸಂಪೂರ್ಣ ಉಚಿತ. ವೆಚ್ಚವು ದಾನಿಗಳಿಂದ ನಡೆಯುತ್ತದೆ.

ಇಂತಹ ಧಾಮದಲ್ಲಿ ವೈದ್ಯರ ಪಾತ್ರ ದೊಡ್ಡದಾದರೂ ದಿನದ 24 ಗಂಟೆಯೂ ರೋಗಿಯ ಬಳಿಯಿರುವವರು ದಾದಿಯರು ಮತ್ತು ಅವರ ಸಹಾಯಕಿಯರು. ಅವರ ಕೆಲಸವನ್ನು ಭಗವತೀ ಆರಾಧನೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬಹುದು. ಹೊರಳಲಾರದ ರೋಗಿಯನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣಾಗುತ್ತದೆ. ಬಾಯಿ, ಕೆನ್ನೆ, ಎದೆಯ ಕ್ಯಾನ್ಸರಿನ ಗಾಯಗಳು ಒಡೆದು ದುರ್ಗಂಧ ಬೀರಿದಾಗ ಅವನ್ನು ತೊಳೆದು, ಮೆಟ್ರೊನಿಡಜೋಲ್ ಪುಡಿಯನ್ನು ಹಾಕಿ ಕಟ್ಟಿದರೆ ವಾಸನೆ ತಗ್ಗುತ್ತದೆ. ಹತ್ತಿರ ಬರಲು ಅಂಜುತ್ತಿದ್ದ ಮಕ್ಕಳು ಮರಳಿ ತಂದೆಯ ಪಕ್ಕದಲ್ಲಿ ಕೂರುತ್ತಾರೆ. ಒಣಗಿದ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಕೊನೆಯ ಗಂಟೆಗಳಲ್ಲಿ ಗಂಟಲಿನಿಂದ ಗೊರಗೊರ ಶಬ್ದ ಬಂದಾಗ ಮೈಯನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಆ ಶಬ್ದ ನಮಗೆ ಘೋರವಾಗಿ ಕೇಳಿದರೂ ಅರಿವು ಮಾಸಿದ ರೋಗಿಗೆ ಅಷ್ಟು ಬಾಧೆಯಿರಲಾರದೆಂದು ಮನೆಯವರಿಗೆ ತಿಳಿಸಿ ಹೇಳಬೇಕು. ಮೈಕೈ ಉಪಚಾರ, ಪಾನ, ಶುಚಿ, ರಾತ್ರಿಯ ಜಾಗರಣೆ, ಬಾಗಿಲ ಕಾವಲು, ಸಾಂತ್ವನದ ಮಾತು ಎಲ್ಲವೂ ಇಲ್ಲಿವೆ. ಹೆಸರೊಂದೇ ಬೇರೆ.

ನೋವು, ಔಷಧ, ಸಮಾಧಿ

ಹಾಸ್ಪಿಸಿನ ಆರೈಕೆಯನ್ನು ಸಲ್ಲೇಖನವೆಂದು ಭ್ರಮಿಸಬಾರದು. ಸಲ್ಲೇಖನವು ವ್ರತ, ಗುರುಗಳ ಅನುಮತಿ, ಕ್ಷಮಾಪಣೆ, ಕಷಾಯಗಳನ್ನು ಕೃಶಗೊಳಿಸುವುದು, ಆಹಾರದ ಕ್ರಮಬದ್ಧ ತ್ಯಾಗ ಇವು ಅದರ ಅಂಗಗಳು. ಹಾಸ್ಪಿಸಿನಲ್ಲಿ ವ್ರತವಿಲ್ಲ; ತಿನ್ನಬಲ್ಲ ರೋಗಿಗೆ ಅಲ್ಲಿ ಪ್ರೀತಿಯಿಂದ ಊಟ ಕೊಡುತ್ತಾರೆ. ಆದರೂ ಎರಡಕ್ಕೂ ಒಂದು ಸಮಾನ ನೆಲೆಯುಂಟು. ತತ್ತ್ವಾರ್ಥಸೂತ್ರವು ಸಲ್ಲೇಖನದ ಅತಿಚಾರಗಳನ್ನು ಹೇಳುವಾಗ ಬದುಕಿನ ಆಶೆಯನ್ನೂ ದೋಷವೆಂದಿತು, ಬೇಗ ಸಾಯುವ ಆಶೆಯನ್ನೂ ದೋಷವೆಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಉಪಶಾಮಕ ಚಿಕಿತ್ಸೆಗೆ ಕೊಟ್ಟ ವಿವರಣೆಯಲ್ಲಿ ಅದು ಮರಣವನ್ನು ಬೇಗ ಬರಿಸುವುದೂ ಅಲ್ಲ, ಮುಂದೂಡುವುದೂ ಅಲ್ಲ ಎಂದು ಸ್ಪಷ್ಟಪಡಿಸಿದೆ. ಬೇರೆ ಬೇರೆ ದಾರಿಯಿಂದ ಬಂದ ಎರಡು ವಿವೇಕಗಳು ಇಲ್ಲಿ ಒಂದೇ ಎಡೆಯಲ್ಲಿ ನಿಂತಿವೆ.

ನೋವು ತಾಳಲಾರದೆ ಸಾವನ್ನು ಬಯಸುವುದನ್ನು ಜೈನ ಪರಂಪರೆ ಒಪ್ಪಲಿಲ್ಲ. ಭಸ್ಮಕ ವ್ಯಾಧಿಯಿಂದ ಬಳಲಿದ ಸಮಂತಭದ್ರರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿದರೆಂದೂ, ವ್ಯಾಧಿಯನ್ನು ಶಮನ ಮಾಡಿಕೊಂಡ ಮೇಲೆ ಅವರಿಂದ ಮಹತ್ತಾದ ಧರ್ಮಕಾರ್ಯ ನಡೆಯಿತೆಂದೂ ಪರಂಪರಾಗತ ಕಥೆ ಹೇಳುತ್ತದೆ. ಅದೇ ಸಮಂತಭದ್ರರು ತಮ್ಮ ಗ್ರಂಥದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದ ಸ್ಥಿತಿಗೆ ಮುಟ್ಟಿದಾಗ ಮಾತ್ರ ಸಲ್ಲೇಖನವನ್ನು ವಿಧಿಸಿದರು. ಪ್ರತೀಕಾರವಿರುವ ನೋವಿಗೆ ಪ್ರತೀಕಾರವನ್ನೇ ಮಾಡಬೇಕು.

ಇಲ್ಲಿ ಮಾರ್ಫಿನ್ ಮಾತ್ರೆಯ ಪ್ರಶ್ನೆ ಏಳುತ್ತದೆ. ಅಫೀಮಿನಿಂದ ಬರುವ ಈ ಔಷಧವು ಮಾದಕವಲ್ಲವೇ, ಅದನ್ನು ಸೇವಿಸಿದರೆ ಕೊನೆಗಾಲದಲ್ಲಿ ಣಮೋಕಾರ ಮಂತ್ರವೂ ಬಾಯಿಗೆ ಬರಲಾರದಲ್ಲವೇ ಎಂದು ಅನೇಕ ಕುಟುಂಬಗಳು ಅಂಜುತ್ತವೆ. ದೇಶದ ಕಾನೂನೂ ಹೀಗೆಯೇ ಅಂಜಿತ್ತು. 1985ರ ಮಾದಕ ದ್ರವ್ಯಗಳ ಕಾಯಿದೆಯ ಬಿಗಿಯಾದ ನಿಯಮಗಳಿಂದಾಗಿ ಆಸ್ಪತ್ರೆಗಳಲ್ಲಿಯೂ ಮಾರ್ಫಿನ್ ದುರ್ಲಭವಾಗಿ, 2014ರ ತಿದ್ದುಪಡಿಯವರೆಗೆ ಅಸಂಖ್ಯ ರೋಗಿಗಳು ಅನಾವಶ್ಯಕವಾಗಿ ನರಳಿದರು. ಆದರೆ ನೋವಿನ ಪ್ರಮಾಣಕ್ಕೆ ತಕ್ಕಂತೆ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ, ಅಳತೆಯಿಂದ ಕೊಟ್ಟ ಮಾರ್ಫಿನ್ ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ. ಮೊದಲ ಕೆಲವು ದಿನಗಳ ಮಂಪರು ಬಹುತೇಕ ರೋಗಿಗಳಲ್ಲಿ ಕಳೆದುಹೋಗುತ್ತದೆ. ಮಲಬದ್ಧತೆಯೇ ಅದರ ಮುಖ್ಯ ತೊಂದರೆ; ಅದಕ್ಕಾಗಿ ಜೊತೆಯಲ್ಲಿಯೇ ಭೇದಿಯ ಔಷಧ ಕೊಡಬೇಕೆಂಬುದು ಅನುಭವಸ್ಥ ದಾದಿಗೆ ಗೊತ್ತು.

ಶಾಸ್ತ್ರದೃಷ್ಟಿಯಿಂದ ನೋಡಿದರೂ ಉತ್ತರ ದೊರೆಯುತ್ತದೆ. ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದು ವೇದನೆಯಿಂದ ಹುಟ್ಟುವಂಥದು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿನಲ್ಲಿ ಹಗಲಿರುಳು ಚೀರುವವನಿಗೆ ಅರಿಹಂತರ ಸ್ಮರಣೆ ಎಲ್ಲಿಯದು? ಮನಸ್ಸು ನೋವೊಂದರಲ್ಲಿಯೇ ನೆಟ್ಟಿರುತ್ತದೆ. ಮದ್ಯವು ಎಚ್ಚರವನ್ನು ಕೆಡಿಸಲು ಕುಡಿಯುವುದು. ಈ ಔಷಧವು ಕೆಟ್ಟ ಎಚ್ಚರವನ್ನು ಸರಿಪಡಿಸಲು ಕೊಡುವುದು. ಸ್ವಸ್ಥನಾಗಿ ವ್ರತ ತೆಗೆದುಕೊಂಡ ಸಾಧಕನು ಔಷಧವನ್ನು ತ್ಯಜಿಸುವುದು ಅವನ ಸ್ವಂತ ಸಂಕಲ್ಪ. ಅದು ಪೂಜ್ಯ. ಆದರೆ ವ್ರತ ತೊಡದ ತಾಯಿಯ ಮೇಲೆ ಮಕ್ಕಳು ಅದನ್ನು ಹೇರಿದರೆ ಅದು ತಪಸ್ಸಲ್ಲ, ಹಿಂಸೆ.

ಇದೇ ಮಾತು ಆಹಾರಕ್ಕೂ ಅನ್ವಯಿಸುತ್ತದೆ, ವಿರುದ್ಧ ದಿಕ್ಕಿನಿಂದ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿಯೇ ಇಳಿಯುವುದು ಶರೀರದ ಸಹಜಧರ್ಮ. ಘನಾಹಾರವನ್ನು ಬಿಟ್ಟು ಹಾಲಿಗೆ, ಹಾಲಿನಿಂದ ತಿಳಿಯಾದ ಪಾನಕ್ಕೆ, ಅದರಿಂದ ನೀರಿಗೆ ಎಂದು ರತ್ನಕರಂಡಕವು ಹೇಳಿದ ಕ್ರಮವು ಈ ಸಹಜಗತಿಯನ್ನು ಬಲ್ಲವರ ಕ್ರಮ. ಮನೆಯವರಾದರೋ ಪ್ರೀತಿಯಿಂದಲೇ ಬಾಯಿಗೆ ಅನ್ನವನ್ನು ತುರುಕುತ್ತಾರೆ. ಅದು ಶ್ವಾಸನಾಳಕ್ಕೆ ಇಳಿದು ಅಪಾಯವಾಗುತ್ತದೆ. ಒತ್ತಾಯ ಬೇಡ, ತುಟಿ ಒದ್ದೆ ಮಾಡಿದರೆ ಸಾಕು ಎಂದು ತಿಳಿಹೇಳುವ ಕೆಲಸವೂ ದಾದಿಯದೇ.

ಸತ್ಯವನ್ನು ಮುಚ್ಚಿಡುವ ಪ್ರೀತಿ

ಇಂದಿನ ಕುಟುಂಬಗಳು ಸಾಯುವವರಿಗೆ ಮಾಡುವ ದೊಡ್ಡ ಅನ್ಯಾಯವೆಂದರೆ ಅವರ ರೋಗದ ಸ್ಥಿತಿಯನ್ನು ಅವರಿಂದಲೇ ಮುಚ್ಚಿಡುವುದು. ತಂದೆಗೆ ಹೇಳಬೇಡಿ, ಎದೆ ಒಡೆದುಕೊಂಡಾರು ಎಂದು ಮಕ್ಕಳು ವೈದ್ಯರನ್ನು ಬೇಡುತ್ತಾರೆ. ರೋಗಿಗೆ ಅನುಮಾನ ಬಂದೇ ಇರುತ್ತದೆ. ಮಕ್ಕಳು ನಿದ್ರೆಹೋದ ಮೇಲೆ, ರಾತ್ರಿ ಮಾತ್ರೆ ಕೊಡಲು ಬಂದ ದಾದಿಯನ್ನು ಅವರು ಮೆಲ್ಲಗೆ ಕೇಳುತ್ತಾರೆ: ನಾನು ಉಳಿಯುತ್ತೇನೆಯೇ ತಾಯಿ? ಸುಳ್ಳು ಹೇಳಿದರೆ ಸತ್ಯವ್ರತಕ್ಕೆ ಭಂಗ, ಕಠೋರವಾಗಿ ಹೇಳಿದರೆ ಅಹಿಂಸೆಗೆ ಭಂಗ. ಒಳ್ಳೆಯ ತರಬೇತಿ ಪಡೆದ ದಾದಿ ಆ ಕ್ಷಣದಲ್ಲಿ ಪಕ್ಕದಲ್ಲಿ ಕೂರುತ್ತಾಳೆ. ನಿಮಗೇನು ಅನ್ನಿಸುತ್ತದೆ ಎಂದು ಕೇಳುತ್ತಾಳೆ. ರೋಗಿ ಎಷ್ಟು ತಿಳಿಯಬಯಸುತ್ತಾನೋ ಅಷ್ಟನ್ನು ಹಿತವಾಗಿ ತಿಳಿಯಲು ನೆರವಾಗುತ್ತಾಳೆ. ಮರುದಿನ ವೈದ್ಯರನ್ನೂ ಮನೆಯವರನ್ನೂ ಒಂದೆಡೆ ಕೂರಿಸುತ್ತಾಳೆ.

ಸಮಾಧಿಮರಣದ ಪರಂಪರೆಯ ಮೊದಲ ಷರತ್ತೇ ಸಾವು ಸಮೀಪಿಸಿದೆಯೆಂಬ ಅರಿವು. ಅರಿವಿಲ್ಲದವನು ಯಾರನ್ನು ಕ್ಷಮಿಸಬೇಕು, ಯಾರಲ್ಲಿ ಕ್ಷಮೆ ಬೇಡಬೇಕು? ಅಂಗಡಿಯ ಲೆಕ್ಕವನ್ನು ವರ್ಷಾಂತ್ಯಕ್ಕೆ ಮುಗಿಸಿ ಹೊಸ ಖಾತೆ ತೆರೆಯುವ ವ್ಯಾಪಾರಿಗೆ ಬದುಕಿನ ಖಾತೆಯನ್ನು ಮುಗಿಸಲು ಮಾತ್ರ ಅವಕಾಶ ಕೊಡದಿರುವುದು ಎಂಥ ಪ್ರೀತಿ? ಮುನಿದ ತಮ್ಮನನ್ನು ಕರೆಸಲು, ಬಾಕಿಯಿರುವ ಸಾಲವನ್ನು ಹೇಳಲು, ಪರಿಗ್ರಹವನ್ನು ಪರಿಮಿತಗೊಳಿಸಲು ರೋಗಿಗೆ ಕಾಲ ಬೇಕು. ಆ ಕಾಲವನ್ನು ಕಸಿಯುವ ಹಕ್ಕು ಮಕ್ಕಳಿಗಿಲ್ಲ.

ಕಾನೂನು ಕೂಡ ಈಚಿನ ವರ್ಷಗಳಲ್ಲಿ ರೋಗಿಯ ಇಚ್ಛೆಯತ್ತ ತಿರುಗಿದೆ. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ 1973ರಲ್ಲಿ ಕ್ರೂರ ಹಲ್ಲೆಗೆ ಗುರಿಯಾಗಿ ಅರಿವಿಲ್ಲದ ಸ್ಥಿತಿಗೆ ಸೇರಿದರು. 2015ರಲ್ಲಿ ತೀರಿಕೊಳ್ಳುವವರೆಗೆ ನಾಲ್ಕು ದಶಕಗಳ ಕಾಲ ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ದಾದಿಯರು. ಒಂದು ತಲೆಮಾರಿನವರು ನಿವೃತ್ತರಾದಾಗ ಮುಂದಿನವರು ಆ ಹೊಣೆಯನ್ನು ಹೊತ್ತರು. 2011ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಆಹಾರವನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ತಿರಸ್ಕರಿಸುವಾಗ ಈ ಆರೈಕೆಯನ್ನು ಮನಸಾರೆ ಶ್ಲಾಘಿಸಿತು. 2018ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯವು ಗೌರವದಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, ಜೀವರಕ್ಷಕ ಯಂತ್ರಗಳ ಬಗ್ಗೆ ಮುಂಚಿತವಾಗಿಯೇ ತನ್ನ ಇಚ್ಛೆಯನ್ನು ಬರೆದಿಡಲು ಅವಕಾಶ ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವು ಇದನ್ನು ಜಾರಿಗೆ ತರುವ ಆದೇಶವನ್ನು ಹೊರಡಿಸಿತು. ಸಲ್ಲೇಖನದ ಪ್ರಶ್ನೆ ಇದರಿಂದ ಬೇರೆಯದು: 2015ರ ಆಗಸ್ಟಿನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಅದನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ, ಅದೇ ತಿಂಗಳ ಕೊನೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು.

ಆ ತಿಂಗಳಲ್ಲಿ ಜೈನ ಸಮಾಜವು ದೇಶಾದ್ಯಂತ ಬೀದಿಗಿಳಿದು ಸಲ್ಲೇಖನದ ಹಕ್ಕಿಗಾಗಿ ಮೌನ ಮೆರವಣಿಗೆ ನಡೆಸಿತು. ಅದು ಸರಿಯೇ. ಆದರೆ ಕ್ಷಪಕನ ಹಕ್ಕಿಗಾಗಿ ನಿಂತ ಸಮಾಜವು ನಿರ್ಯಾಪಕನ ಕರ್ತವ್ಯವನ್ನೂ ಅಷ್ಟೇ ನೆನೆಯಬೇಡವೇ?

ಟ್ರಸ್ಟುಗಳ ಮುಂದಿರುವ ಕೆಲಸ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸುತ್ತ ಇಂದು ಸಾವಿರಾರು ಕುಟುಂಬಗಳು ನೆಲೆಸಿವೆ. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ, ಬಹುಮಹಡಿಯ ಫ್ಲ್ಯಾಟುಗಳಲ್ಲಿ, ಊರಿನಿಂದ ಬಂದ ವೃದ್ಧ ತಂದೆತಾಯಿಗಳು ಹಗಲೆಲ್ಲ ಒಂಟಿಯಾಗಿದ್ದಾರೆ. ಅವಿಭಕ್ತ ಕುಟುಂಬದ ಹತ್ತು ಕೈಗಳು ಈಗ ಇಲ್ಲ. ಬಸದಿಗಳ ಜೀರ್ಣೋದ್ಧಾರಕ್ಕೂ ಪಂಚಕಲ್ಯಾಣ ಮಹೋತ್ಸವಗಳಿಗೂ ಉದಾರವಾಗಿ ವೆಚ್ಚಮಾಡುವ ಟ್ರಸ್ಟುಗಳು ಇದನ್ನೂ ತಮ್ಮ ಕ್ಷೇತ್ರವೆಂದು ಭಾವಿಸಬೇಕು.

ಮಾಡಬಹುದಾದುದು ಬಹಳವಿದೆ. ನರ್ಸಿಂಗ್ ಓದಬಯಸುವ ವಿದ್ಯಾರ್ಥಿನಿಯರಿಗೆ ಮಾತ್ರವಲ್ಲ, ವಿದ್ಯಾರ್ಥಿಗಳಿಗೂ, ಎಂಜಿನಿಯರಿಂಗಿಗೆ ಕೊಡುವಂತೆಯೇ ವಿದ್ಯಾರ್ಥಿವೇತನ ಕೊಡಬಹುದು. ಪ್ರತಿ ಬಸದಿಯಲ್ಲಿ ಹತ್ತು ಜನ ಶ್ರಾವಕ-ಶ್ರಾವಿಕೆಯರಿಗೆ ಮನೆಯಲ್ಲಿ ರೋಗಿಯನ್ನು ತಿರುಗಿಸುವ, ಸ್ನಾನ ಮಾಡಿಸುವ, ಬಾಯಿ ಒರೆಸುವ ಸರಳ ತರಬೇತಿಯನ್ನು ಅನುಭವಸ್ಥ ದಾದಿಯರಿಂದ ಕೊಡಿಸಿ, ಇಬ್ಬಿಬ್ಬರ ಸರದಿಯಲ್ಲಿ ಮನೆಗಳಿಗೆ ಕಳುಹಿಸಬಹುದು. ಹಗಲಿರುಳು ದುಡಿದ ಸೊಸೆಗೆ ವಾರಕ್ಕೆ ಎರಡು ದಿನ ವಿಶ್ರಾಂತಿ ದೊರೆತರೆ ಅದೂ ವೈಯಾವೃತ್ಯವೇ. ಗಾಲಿಕುರ್ಚಿ, ಗಾಳಿಹಾಸಿಗೆ, ಮಡಚುವ ಮಂಚಗಳನ್ನು ಬಸದಿಯ ಉಗ್ರಾಣದಲ್ಲಿಟ್ಟು ಬೇಕಾದವರಿಗೆ ಎರವಲು ಕೊಡುವುದಕ್ಕೆ ಹೆಚ್ಚು ಹಣವೂ ಬೇಡ.

ದಾನದ ಮೂಲವನ್ನೂ ನೋಡಿಕೊಳ್ಳಬೇಕು. ಬಾಯಿಯ ಕ್ಯಾನ್ಸರಿಗೆ ತಂಬಾಕು ದೊಡ್ಡ ಕಾರಣವೆಂಬುದು ಸಿದ್ಧವಾದ ಸಂಗತಿ. 2013ರಲ್ಲಿ ಕರ್ನಾಟಕವು ಗುಟ್ಕಾ ಮಾರಾಟವನ್ನು ನಿಷೇಧಿಸಿತು. ಶ್ರಾವಕನಿಗೆ ವರ್ಜ್ಯವಾದ ವ್ಯಾಪಾರಗಳಲ್ಲಿ ವಿಷವಾಣಿಜ್ಯವೂ ಒಂದು. ಒಂದು ಕೈಯಿಂದ ರೋಗವನ್ನು ಮಾರಿ ಇನ್ನೊಂದು ಕೈಯಿಂದ ಹಾಸಿಗೆಯನ್ನು ದಾನ ಮಾಡಿದರೆ ಜಮಾ-ಖರ್ಚು ತಾಳೆಯಾಗುವುದಿಲ್ಲ.

ಮಹೋತ್ಸವಗಳ ವೇದಿಕೆಯಲ್ಲಿ ದಾನಿಗಳಿಗೆ ಶಾಲು ಹೊದಿಸುವಾಗ, ಇಪ್ಪತ್ತು ವರ್ಷ ಮರಣಶಯ್ಯೆಗಳ ಬಳಿ ಎಚ್ಚರವಿದ್ದ ಒಬ್ಬ ದಾದಿಯನ್ನೂ ಕರೆದು ಸನ್ಮಾನಿಸಬಹುದು. ಅವಳು ಯಾವ ಮತದವಳೆಂದು ಕೇಳಬೇಕಾದುದಿಲ್ಲ. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಕೆತ್ತದೆ ಉಳಿದ ಹೆಸರುಗಳ ಸಾಲಿನವಳು ಅವಳು.